ಸಣಕಲು ಮೈಗೂ ಶುಗರ್: ತೂಕದ ಜೊತೆ ಹೊಟ್ಟೆಯನ್ನೂ ಅಳೆದು ನೋಡಿ

ಎತ್ತರ 168 ಸೆಂ.ಮೀ., ತೂಕ 64 ಕೆಜಿ. ಯಾವ ಆ್ಯಪ್‌ಗೆ ಹಾಕಿದರೂ ‘ನಾರ್ಮಲ್’ ಅಂತಲೇ ತೋರಿಸುತ್ತಿತ್ತು. ಹಾಗಾಗಿ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ, 8.4 ಬಂದಾಗ ರಿಪೋರ್ಟ್ ಅದಲುಬದಲಾಗಿದೆ ಅಂದುಕೊಂಡೆ. 6.5 ಮುಟ್ಟಿದರೇ ಡಯಾಬಿಟಿಸ್. ನನ್ನಂಥ ಸಣಕಲನಿಗೆ ಶುಗರ್ರಾ?

ಡಾಕ್ಟರು ವಾದ ಮಾಡಲಿಲ್ಲ, ಟೇಪ್ ತೆಗೆದರು. ಹೊಟ್ಟೆಯ ಸುತ್ತಳತೆ 94 ಸೆಂ.ಮೀ.! ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಬಿಎಂಐ ಕೂಡ ನಮಗೆ 25ರವರೆಗೆ ಕಾಯುವಂತಿಲ್ಲ, 23ಕ್ಕೇ ಎಚ್ಚರ ಬೇಕು.

2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಉದಾಹರಣೆ ಕೊಟ್ಟಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2! ನಮ್ಮವರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಲಿವರ್ ಸುತ್ತಮುತ್ತ ಬೇಗ ಸೇರಿಕೊಳ್ಳುತ್ತೆ. ಅಲ್ಲಿ ಕೂತು ಇನ್ಸುಲಿನ್‌ಗೆ ಸರಿಯಾಗಿ ಕೆಲಸ ಮಾಡೋಕೆ ಬಿಡಲ್ಲ. ತೂಕದ ಮಷಿನ್‌ಗೆ ಇದೆಲ್ಲ ಕಾಣಲ್ಲ.

ನಾನು ಮಾಡಿದ ತಪ್ಪು

ಟಾರ್ಗೆಟ್ ಸಿಕ್ಕಿದ್ದೇ ತಡ, ರಾತ್ರಿ ಊಟ ಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಎರಡೇ ವಾರಕ್ಕೆ ಕತಗಾಲದ ಮನೆಗೆ ಹೋದಾಗ ಆಯಿ, “ಎಂತಾ ಸಣ್ಣ ಆಗೋಜ್ಯೋ ತಮಾ!” ಅಂದಳು. ನಂಗೆ ಒಳಗೊಳಗೇ ಖುಷಿ.

ಮರುದಿನ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ತಿನ್ನದೆ ತೋಟಕ್ಕೆ ಇಳಿದೆ. ಸ್ವಲ್ಪ ಹೊತ್ತಿಗೆ ಕೈ ನಡುಗತೊಡಗಿತು, ತಣ್ಣನೆ ಬೆವರು, ಕಣ್ಣು ಮಂಜು. ಅಡಿಕೆ ಮರ ಹಿಡಿದು ಕೂತುಬಿಟ್ಟೆ. ಮನೆಗೆ ಬಂದವರಿಗೆ ಆಸರಿಗೆ ಅಂತ ಕೊಡೋ ಬೆಲ್ಲ ನೀರನ್ನೇ ಆಯಿ ಓಡಿ ಬಂದು ಕುಡಿಸಿದಳು. ಶುಗರ್ ತೀರಾ ಇಳಿದಿತ್ತು.

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು, ಡೋಸ್ ಬದಲಿಸಬೇಕಾಗಬಹುದು. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಈಗ ಮಾಡುತ್ತಿರುವುದು

ಡಾಕ್ಟರು ಬೈದು, ಮಾತ್ರೆ ಬದಲಿಸಿ, ಆರು ತಿಂಗಳಲ್ಲಿ 4 ಕೆಜಿ ಅಂತ ಗುರಿ ಕೊಟ್ಟರು. ತೂಕದಲ್ಲಿ ಶೇ 5ರಷ್ಟು ಇಳಿದರೂ ಶುಗರ್ ಹತೋಟಿಗೆ ಸಹಾಯ ಆಗುತ್ತೆ ಅಂದರು.

* ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಕಾಳು ಅಥವಾ ಮೀನು, ಕಾಲು ಭಾಗ ಅನ್ನ. ಕುಚ್ಚಲಕ್ಕಿ ಆದರೂ ಅನ್ನ ಅನ್ನವೇ! ಮೊದಲೆಲ್ಲ ತಂಬುಳಿಗೆ ಒಂದು ಸಲ, ಸಾರಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ ಅನ್ನ ಹಾಕಿಸಿಕೊಳ್ತಿದ್ದೆ. ಈಗ ಒಂದೇ ಸಲ ಹಾಕಿಸಿಕೊಂಡದ್ದನ್ನು ಮೂರಕ್ಕೂ ಹಂಚಿಕೊಳ್ತೇನೆ.
* ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಊಟದ ನಂತರದ ಕಾಲ್‌ಗಳನ್ನು ನಡೆಯುತ್ತಲೇ ಮುಗಿಸ್ತೇನೆ.
* ವಾರಕ್ಕೆರಡು ದಿನ ಬಸ್ಕಿ, ಪುಶ್‌ಅಪ್. ಸಣಕಲರು ಊಟ ಮಾತ್ರ ಕಡಿಮೆ ಮಾಡಿದರೆ ಸ್ನಾಯುವೂ ಕರಗುತ್ತೆ.

ಆರು ತಿಂಗಳಾದ ಮೇಲೆ ತೂಕ 60, ಹೊಟ್ಟೆ 88, ಎಚ್‌ಬಿಎ1ಸಿ 6.6. ಒಂದು ಮಾತ್ರೆ ಇನ್ನೂ ಇದೆ, ಅದರ ಬಗ್ಗೆ ನಾಚಿಕೆಯಿಲ್ಲ. ಆದರೆ ಏನೂ ಮಾಡದೆಯೇ ತೂಕ ಇಳೀತಿದ್ದರೆ, ಬಾಯಾರಿಕೆಯೂ ಜಾಸ್ತಿಯಿದ್ದರೆ ಖುಷಿಪಡಬೇಡಿ. ಅದು ಶುಗರ್ ಏರಿದ ಲಕ್ಷಣ ಇರಬಹುದು.

ಇವತ್ತು ಮನೆಯಲ್ಲಿ ಹೊಲಿಗೆಯ ಟೇಪ್ ಹುಡುಕಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ!