ಸೆಲ್ಯುಲೋಸು ಮತ್ತು ಮಿಶ್ರ ದ್ರಾವಕಗಳು: ಒಂದು ಚಾರಿತ್ರಿಕ ವಿವೇಚನೆ

ಹೊಸನಗರ ತಾಲ್ಲೂಕಿನ ನಿಟ್ಟೂರು ಕೊಡಚಾದ್ರಿಯ ಮಗ್ಗುಲಿನ ಊರು; ಅತಿವೃಷ್ಟಿಯ ಸೀಮೆಗೆ ಸೇರಿದುದು. ಅಲ್ಲಿಯ ಮುಂಗಾರು ಮಳೆ ಮಣ್ಣನ್ನು ಕೊರೆಯುತ್ತದೆ, ಗೋಡೆಯನ್ನು ಸವೆಯಿಸುತ್ತದೆ. ಆದರೆ ಬೇಲಿಯ ಬಿದಿರನ್ನು ಕರಗಿಸಲಾರದು. ಅಡಕೆಯ ಹಾಳೆಯಲ್ಲಿ ನೀರು ತುಂಬಿಟ್ಟರೆ ಹಾಳೆ ನೆನೆದೀತೇ ಹೊರತು ಕರಗದು. ಬಿದಿರು, ಹಾಳೆ, ಹತ್ತಿ, ಬತ್ತದ ಹುಲ್ಲು ಇವೆಲ್ಲಕ್ಕೂ ಕಸುವನ್ನು ಕೊಡುವ ಮುಖ್ಯ ವಸ್ತು ಸೆಲ್ಯುಲೋಸು. ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಆನ್ಸೆಲ್ಮ್ ಪಾಯೆನ್ ಇದನ್ನು 1838ರಲ್ಲಿ ಬೇರ್ಪಡಿಸಿ ಗುರುತಿಸಿದನು. ಇಂಥ ವಸ್ತುವನ್ನು ಕರಗಿಸುವುದು ಏಕೆ ಕಷ್ಟ, ದ್ರಾವಕಗಳ ಮಿಶ್ರಣದಿಂದ ಅದು ಹೇಗೆ ಸಾಧ್ಯವಾಯಿತು, ಆ ಸಾಧನೆಗೂ ನಮ್ಮ ನಾಡಿನ ನೆಲ-ನೀರುಗಳಿಗೂ ಏನು ಸಂಬಂಧ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯ ರಸಾಯನಶಾಸ್ತ್ರದ್ದಾದರೂ ಇತಿಹಾಸದ ವಿದ್ಯಾರ್ಥಿಗೆ ಹೊರಗಿನದಲ್ಲ.

ಮೊದಲು ಕರಗದಿರುವಿಕೆಯ ಕಾರಣವನ್ನು ನೋಡೋಣ. ಗ್ಲೂಕೋಸು ಎಂಬ ಸಕ್ಕರೆ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅದೇ ಗ್ಲೂಕೋಸಿನ ಘಟಕಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ನೀಳವಾದ ಸರಪಳಿಯಾದರೆ ಅದು ಸೆಲ್ಯುಲೋಸು. ಈ ಸರಪಳಿಗಳು ಒತ್ತೊತ್ತಾಗಿ ಮಲಗಿ, ಜಲಜನಕ ಬಂಧಗಳಿಂದ ಪರಸ್ಪರ ಹಿಡಿದುಕೊಂಡಿರುತ್ತವೆ. ಒಂದೊಂದು ಬಂಧವೂ ದುರ್ಬಲ. ಆದರೆ ಹುರಿಗೊಂಡ ಹಗ್ಗದ ಎಳೆಗಳಂತೆ ಎಲ್ಲವೂ ಸೇರಿದಾಗ ಬಿಡಿಸಲಾಗದಷ್ಟು ಬಲ ಬರುತ್ತದೆ. ಇದಲ್ಲದೆ ಸರಪಳಿಯ ಕೆಲವು ಮುಖಗಳು ನೀರಿಗೆ ವಿಮುಖವಾಗಿದ್ದು, ಒಂದರ ಮೇಲೊಂದು ಕೂತು ನೀರನ್ನು ದೂರವಿಡುತ್ತವೆ. ಆದುದರಿಂದ ಸೆಲ್ಯುಲೋಸನ್ನು ಕರಗಿಸುವ ದ್ರವವು ಎರಡು ಕೆಲಸಗಳನ್ನು ಮಾಡಬೇಕು: ಸರಪಳಿಗಳ ನಡುವಣ ಹಿಡಿತವನ್ನು ಬಿಡಿಸಬೇಕು, ಬಿಡಿಸಿದವು ಮತ್ತೆ ಕೂಡದಂತೆ ನಡುವೆ ನಿಲ್ಲಬೇಕು. ಸಾಮಾನ್ಯವಾದ ಯಾವ ಒಂದು ದ್ರವವೂ ಈ ಎರಡನ್ನೂ ಮಾಡಲಾರದು. ಮಿಶ್ರ ದ್ರಾವಕದ ಅವಶ್ಯಕತೆ ಇಲ್ಲಿಯೇ ಹುಟ್ಟುತ್ತದೆ.

ಒಂದೊಂದಾಗಿ ಆಗದುದು ಕೂಡಿದರೆ ಆಗುವುದೆಂಬ ಸಂಗತಿಯ ಅರಿವು ಹಳೆಯದು. 1846ರಲ್ಲಿ ಷೋನ್‌ಬೈನ್ ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ಪಡೆದ ನೈಟ್ರೋಸೆಲ್ಯುಲೋಸಿನ ಒಂದು ಬಗೆ ಈಥರಿನಲ್ಲಿ ಮಾತ್ರವೇ ಅಥವಾ ಆಲ್ಕೋಹಾಲಿನಲ್ಲಿ ಮಾತ್ರವೇ ಚೆನ್ನಾಗಿ ಕರಗದು; ಇವೆರಡರ ಮಿಶ್ರಣದಲ್ಲಿ ಕರಗಿ ಅಂಟಾದ ದ್ರಾವಣವಾಗುತ್ತದೆ. ಇದೇ ಕೊಲೋಡಿಯನ್. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಇದನ್ನು ಗಾಜಿನ ಮೇಲೆ ಲೇಪಿಸಿ ಛಾಯಾಚಿತ್ರಣದ ಹೊಸ ವಿಧಾನವನ್ನು ಪ್ರಕಟಿಸಿದನು. ಆದರೆ ಇಲ್ಲಿ ಕರಗಿದುದು ರೂಪಾಂತರಗೊಂಡ ಸೆಲ್ಯುಲೋಸು, ಮೂಲ ಸೆಲ್ಯುಲೋಸಲ್ಲ ಎಂಬುದನ್ನು ಗಮನಿಸಬೇಕು.

ಮೂಲ ಸೆಲ್ಯುಲೋಸನ್ನೇ ಕರಗಿಸುವ ಮಿಶ್ರಣಗಳಲ್ಲಿ ಮೂರನ್ನು ಉದಾಹರಿಸಬಹುದು. ಮೊದಲನೆಯದು, 1970ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಲಿಥಿಯಂ ಕ್ಲೋರೈಡ್ ಮತ್ತು ಡೈಮೀಥೈಲ್ ಅಸಿಟಮೈಡ್‌ಗಳ ಜೋಡಿ. ಲವಣ ತಾನೊಂದೇ ಕರಗಿಸದು, ದ್ರವವೂ ತಾನೊಂದೇ ಕರಗಿಸದು. ಕೂಡಿದಾಗ ದ್ರವವು ಲಿಥಿಯಮನ್ನು ತನ್ನೆಡೆಗೆ ಹಿಡಿದುಕೊಳ್ಳುತ್ತದೆ. ಬಿಡುವಾದ ಕ್ಲೋರೈಡು ಸೆಲ್ಯುಲೋಸಿನ ಜಲಜನಕವನ್ನು ಸೆಳೆದು ಸರಪಳಿಗಳ ಹಿಡಿತವನ್ನು ಸಡಿಲಿಸುತ್ತದೆ. ಎರಡನೆಯದು, ಚೀನದ ವೂಹಾನ್ ವಿಶ್ವವಿದ್ಯಾನಿಲಯದ ಲೀನಾ ಜಾಂಗ್ ಮತ್ತು ಸಂಗಡಿಗರು ಬೆಳೆಸಿದುದು: ಕಾಸ್ಟಿಕ್ ಸೋಡ 7 ಪಾಲು, ಯೂರಿಯ 12 ಪಾಲು, ಉಳಿದ 81 ಪಾಲು ನೀರು. ಈ ಮಿಶ್ರಣವನ್ನು ಸೊನ್ನೆಗಿಂತ 12 ಡಿಗ್ರಿ ಕೆಳಗೆ ತಂಪುಮಾಡಿದರೆ ತೀರ ಉದ್ದವಲ್ಲದ ಸರಪಳಿಗಳುಳ್ಳ ಸೆಲ್ಯುಲೋಸು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ನಮ್ಮ ರೈತರು ಗದ್ದೆಗೆ ಎರಚುವ ಯೂರಿಯವೇ ಇಲ್ಲಿ ಸರಪಳಿಗಳು ಮತ್ತೆ ಕೂಡದಂತೆ ತಡೆಯುವ ಕಾವಲುಗಾರ. ಮೂರನೆಯದು ಅಮೀನ್ ಆಕ್ಸೈಡ್ ಎಂಬ ವರ್ಗದ ಒಂದು ವಸ್ತು ಮತ್ತು ನೀರು. ನೂರಕ್ಕೆ ಸುಮಾರು 13 ಪಾಲು ನೀರಿದ್ದಾಗ ಬಿಸಿಯಲ್ಲಿ ಇದು ಸೆಲ್ಯುಲೋಸನ್ನು ಕರಗಿಸುತ್ತದೆ. ನೀರು ಮಿತಿಮೀರಿದರೆ ಕರಗಿದ ಸೆಲ್ಯುಲೋಸು ನಾರಾಗಿ ಹೊರಬೀಳುತ್ತದೆ. ಒಂದೇ ನೀರು ಪ್ರಮಾಣಭೇದದಿಂದ ಮಿತ್ರನೂ ಆಗುತ್ತದೆ, ವಿರೋಧಿಯೂ ಆಗುತ್ತದೆ.

ಆದರೆ ಕೈಗಾರಿಕೆ ಇಂಥ ನೇರ ದಾರಿಗಳಿಗಾಗಿ ಕಾಯಲಿಲ್ಲ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬ ಮೂವರು ವಿಸ್ಕೋಸ್ ವಿಧಾನಕ್ಕೆ ಪೇಟೆಂಟು ಪಡೆದರು. ಮರದ ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡಿನೊಡನೆ ಕೂಡಿಸಿದರೆ ದೊರೆಯುವ ವಸ್ತು ದುರ್ಬಲ ಕ್ಷಾರದಲ್ಲಿ ಕರಗುತ್ತದೆ. ಆ ದ್ರಾವಣವನ್ನು ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ಸೆಲ್ಯುಲೋಸು ನೂಲಾಗಿ ಮರಳಿ ಬರುತ್ತದೆ. ಇದೇ ರೇಯಾನ್. ಕಾರ್ಬನ್ ಡೈಸಲ್ಫೈಡು ನರಮಂಡಲಕ್ಕೆ ವಿಷ. ಕ್ಷಾರ ಮತ್ತು ಆಮ್ಲಗಳು ಸೇರಿ ಉಳಿಸುವ ಲವಣವನ್ನು ಎಲ್ಲಿಯಾದರೂ ಇಡಲೇಬೇಕು. ನೂಲು ಒಂದು ಕಡೆ ಹೋದರೆ, ಕರಗಿಸಿದ ವಸ್ತುಗಳ ಶೇಷ ಇನ್ನೊಂದು ಕಡೆ ಹೋಗುತ್ತದೆ.

ಈ ಕೈಗಾರಿಕೆ ನಮ್ಮ ನಾಡಿಗೆ ಬಂದ ಬಗೆಯನ್ನು ಈಗ ನೋಡಬಹುದು. ಗ್ವಾಲಿಯರ್ ರೇಯಾನ್ ಸಂಸ್ಥೆ 1954ರಲ್ಲಿ ಮಧ್ಯಭಾರತದ ನಾಗ್ದಾದಲ್ಲಿ ನಾರಿನ ಉತ್ಪಾದನೆಯನ್ನೂ, 1963ರಲ್ಲಿ ಕೇರಳದ ಮಾವೂರಿನಲ್ಲಿ ಬಿದಿರನ್ನು ನೆಚ್ಚಿ ತಿರುಳಿನ ಉತ್ಪಾದನೆಯನ್ನೂ, 1972ರಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ತಿರುಳಿನ ಕಾರ್ಖಾನೆಯನ್ನೂ ಆರಂಭಿಸಿತು. ಕಾಗದಕ್ಕೆ ನಾರು ಹಾಗೆಯೇ ಉಳಿದರೆ ಸಾಕು. ರೇಯಾನಿಗೆ ಅದು ಪೂರ್ಣವಾಗಿ ಕರಗಬೇಕು. ಹೀಗಾಗಿ ಇಲ್ಲಿಯ ತಿರುಳಿನಿಂದ ಸೆಲ್ಯುಲೋಸಲ್ಲದ ಅಂಶಗಳನ್ನೆಲ್ಲ ಬಹುಮಟ್ಟಿಗೆ ತೆಗೆದುಹಾಕಬೇಕು. ಮರವೂ ಹೆಚ್ಚು ಬೇಕು, ತೊಳೆಯಲು ನೀರೂ ಹೆಚ್ಚು ಬೇಕು. ನೀರನ್ನು ಕೊಟ್ಟವಳು ತುಂಗಭದ್ರೆ. ತೀರ್ಥಹಳ್ಳಿಯನ್ನು ಬಳಸಿ ಬರುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಕುಮಾರಪಟ್ಟಣಕ್ಕೆ ಇಳಿಯುತ್ತಾಳೆ. ಕೆಳದಂಡೆಯ ಹಳ್ಳಿಗಳವರು 1980ರ ದಶಕದಲ್ಲಿ ಹೊಳೆಯ ನೀರು ಕೆಟ್ಟಿತೆಂದು ದನಿಯೆತ್ತಿದರು.

ಮರಕ್ಕಾಗಿ 1984ರಲ್ಲಿ ಸರ್ಕಾರವೂ ಈ ಕಾರ್ಖಾನೆಯೂ ಪಾಲುಗಾರರಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪೆನಿಯನ್ನು ಸ್ಥಾಪಿಸಿದುವು. ಧಾರವಾಡ, ಉತ್ತರಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆಸುವುದು ಯೋಜನೆ. ದಾಖಲೆಯಲ್ಲಿ ಅದು ಬಳಕೆಯಿಲ್ಲದ ನೆಲ. ಹಳ್ಳಿಗರಿಗೆ ಅದು ಗೋಮಾಳ, ಸೌದೆ-ಸೊಪ್ಪಿನ ಆಸರೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಆ ಕಂಪೆನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು.

ಈ ಹಿನ್ನೆಲೆಯಲ್ಲಿ ಹೊಸ ಮಿಶ್ರ ದ್ರಾವಕಗಳ ಬೆಲೆಯನ್ನು ಅಳೆಯಬೇಕು. ಅಮೀನ್ ಆಕ್ಸೈಡಿನ ವಿಧಾನ 1990ರ ದಶಕದಲ್ಲಿ ಲಯೋಸೆಲ್ ಎಂಬ ನೂಲಿನ ಉದ್ಯಮವಾಗಿ ಬೆಳೆಯಿತು. ಅದರಲ್ಲಿ ಕಾರ್ಬನ್ ಡೈಸಲ್ಫೈಡು ಬೇಕಿಲ್ಲ. ದ್ರಾವಕದ ನೂರಕ್ಕೆ 99ಕ್ಕೂ ಹೆಚ್ಚು ಪಾಲನ್ನು ಮರಳಿ ಪಡೆಯಬಹುದು. ಇದು ನಿಜವಾದ ಮುನ್ನಡೆ. ಕರಗಿಸಿದುದನ್ನು ಮರಳಿ ಪಡೆಯುವಷ್ಟೇ ಮುಖ್ಯವಾದುದು ಕರಗಿಸಿದ ದ್ರಾವಕವನ್ನು ಮರಳಿ ಪಡೆಯುವುದು ಎಂಬ ಪಾಠವನ್ನು ಅದು ಕಲಿಸಿದೆ. ಆದರೆ ಈ ಪಾಠ ಉತ್ತರಿಸುವುದು ನದಿಯ ಪ್ರಶ್ನೆಯನ್ನು ಮಾತ್ರ. ಮರ ಯಾರ ನೆಲದ್ದು ಎಂಬ ಪ್ರಶ್ನೆಗೆ ಯಾವ ದ್ರಾವಕದಲ್ಲಿಯೂ ಉತ್ತರವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗುಡ್ಡಗಳಲ್ಲಿ ಇಂದೂ ಅಕೇಶಿಯದ ನೆಡುತೋಪುಗಳೂ ಅಡಕೆ ತೋಟಗಳಿಗೆ ಸೊಪ್ಪನ್ನು ಕೊಡುವ ಸೊಪ್ಪಿನ ಬೆಟ್ಟಗಳೂ ಅಕ್ಕಪಕ್ಕದಲ್ಲಿವೆ. ಯಾವ ಗುಡ್ಡ ಯಾವ ವರ್ಷ, ಯಾವ ಆಜ್ಞೆಯಿಂದ ತೋಪಾಯಿತು, ಅದಕ್ಕೆ ಮೊದಲು ಅಲ್ಲಿ ಯಾರು ಏನನ್ನು ಕೊಯ್ಯುತ್ತಿದ್ದರು ಎಂಬುದನ್ನು ಕಂದಾಯದ ಕಡತಗಳಿಂದಲೂ ಹಿರಿಯರ ಬಾಯಿಂದಲೂ ಸಂಗ್ರಹಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ. ರಸಾಯನಶಾಸ್ತ್ರದ ವಿದ್ಯಾರ್ಥಿಯೂ ಇತಿಹಾಸದ ವಿದ್ಯಾರ್ಥಿಯೂ ಕೂಡಿ ಮಾಡಿದರೆ ಅದು ಇನ್ನೂ ಚೆನ್ನಾಗಿ ನಡೆದೀತು.