ಮಾಗಿಯ ಒಂದು ದಿನ, ಒಂದು ಕೌದಿ

ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಮಾಗಿಯ ಚಳಿ ಬಲಿಯಿತೆಂದರೆ ಮನೆಮನೆಗಳಲ್ಲಿ ಹಳೆಯ ಅರಿವೆಯ ಗಂಟುಗಳನ್ನು ಬಿಚ್ಚುವುದುಂಟು. ಕೌದಿಗೆ ಹೊಸ ಬಟ್ಟೆ ಒದಗದು; ಬಹುಕಾಲ ಉಟ್ಟು, ಒಗೆದು ಮೆತ್ತಗಾದ ನೂಲಿನ ಸೀರೆಯೇ ಬೇಕು. ಅಂಥ ಮೂರು ನಾಲ್ಕು ಪದರಗಳನ್ನು ಪಡಸಾಲೆಯಲ್ಲಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುವರು. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಅಂಗಡಿಯ ರಗ್ಗು ಇದಕ್ಕಿಂತ ಹಗುರವೆಂಬುದು ದಿಟ. ಆದರೆ ಹಗುರಾದ ಹೊದಿಕೆಯಲ್ಲಿ ನಮಗಂತೂ ನಿದ್ದೆ ಹತ್ತದು.

ಈ ಸಲ ನಮ್ಮ ಗಂಟಿನಲ್ಲಿ ನೂಲಿನ ಸೀರೆಗಳು ಎರಡೇ ಇದ್ದವು. ಉಳಿದವು ನೈಲಾನಿನವು, ಅವು ಸೂಜಿಗೆ ಜಾರುವವು, ಬೆವರನ್ನೂ ಹೀರವು. ಕಡೆಗೆ ನಮ್ಮ ತಾಯಿಯವರು ತೀರಿಹೋದ ತಂದೆಯವರ ಧೋತರವನ್ನು ಪೆಟ್ಟಿಗೆಯಿಂದ ತೆಗೆದರು. ಅದನ್ನು ಹರಿಯಬಾರದೆಂದು ಮನೆಯಲ್ಲಿ ಕೆಲವರು ತಡೆದರು. “ಪೆಟ್ಟಿಗ್ಯಾಗ ಇಟ್ಟರ ಹುಳಾ ತಿಂತಾವ, ಮೊಮ್ಮಗಳು ಹೊತ್ತುಕೊಳ್ಳಲಿ” ಎಂದು ಅವರು ಒಳಪದರಕ್ಕೆ ಹಾಸಿಯೇಬಿಟ್ಟರು. ಮತ್ತೆ ಯಾರೂ ಮಾತನಾಡಲಿಲ್ಲ.

ಇಳಿಹೊತ್ತಿಗೆ ಬೆನ್ನು ನೋಯತೊಡಗಲು ಎಲ್ಲರೂ ಹೊಲದ ಕಡೆಗೆ ನಡೆದೆವು. ಮಳೆಯಿಲ್ಲದ ಈ ದಿನಗಳಲ್ಲಿಯೂ ಬಿಳಿಜೋಳವು ನೆಲದ ಒಳತೇವದಿಂದಲೇ ತೆನೆಗಟ್ಟುತ್ತಿತ್ತು. ಕಡಲೆಯ ಎಲೆ ಮುಟ್ಟಿದ ಬೆರಳನ್ನು ನೆಕ್ಕಿದರೆ ಹುಳಿ. ರಾತ್ರಿ ಆ ಗಿಡಗಳ ಮೇಲೆ ತೆಳುವಾದ ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಡನೆ ಹಿಂಡಿದರೆ ಬರುವ ಹುಳಿನೀರನ್ನು ಹಿರಿಯರು ಅಜೀರ್ಣಕ್ಕೆಂದು ಕಾದಿಡುತ್ತಿದ್ದರು. ಧೋತರದ ಉಳಿದ ತುಂಡನ್ನು ತಾಯಿಯವರು ಸೆರಗಿನಲ್ಲಿ ಕಟ್ಟಿ ತಂದಿದ್ದರು. ಅದನ್ನು ಕಡಲೆಯ ಸಾಲಿನ ಮೇಲೆ ಹರವಿ, ನಾಲ್ಕು ಮೂಲೆಗಳಿಗೂ ಹೆಂಟೆಯಿಟ್ಟರು.