ಉಪವಾಸದ ಎದುರಿನಲ್ಲಿ ಕವಿ

ದುರ್ಬಲನಾದವನು ಪ್ರಬಲನ ವಿರುದ್ಧ ಹೂಡಬಹುದಾದ ಶಾಸ್ತ್ರಸಮ್ಮತ ವ್ಯಾಜ್ಯವೆಂದು ಉಪವಾಸವನ್ನು ಅಂಗೀಕರಿಸಿದ ನಾಡು ಐರ್ಲೆಂಡ್. ಸುಮಾರು 8ನೆಯ ಶತಮಾನದ ಅಲ್ಲಿನ ಧರ್ಮಶಾಸ್ತ್ರದ ಪ್ರಕಾರ, ಸಲ್ಲಬೇಕಾದುದನ್ನು ಸಲ್ಲಿಸದೆ ಸತಾಯಿಸುವ ಕುಲೀನನ ಮನೆಯ ಬಾಗಿಲಲ್ಲಿ ಫಿರ್ಯಾದಿಯು ನಿರಾಹಾರನಾಗಿ ಕುಳಿತುಕೊಳ್ಳುವನು. ಒಳಗಿರುವವನು ನ್ಯಾಯ ದೊರಕಿಸುವೆನೆಂದು ಒತ್ತೆಯಿಡದೆ ಉಂಡನಾದರೆ ಬಾಕಿಯ ಇಮ್ಮಡಿಯನ್ನು ತೆರಬೇಕು. ನಮ್ಮ ದೇಶದ ಧರಣಿಯೊಡನೆ ಇದಕ್ಕಿರುವ ಸಾದೃಶ್ಯವನ್ನು ಹೆನ್ರಿ ಮೇಯ್ನ್ ಎಂಬ ನ್ಯಾಯಶಾಸ್ತ್ರಜ್ಞನು 19ನೆಯ ಶತಮಾನದಲ್ಲಿಯೇ ಗುರುತಿಸಿದ್ದನು.

ಕಾರ್ಕ್ ನಗರದ ಮೇಯರನಾಗಿದ್ದ, ಸ್ವತಃ ಕವಿಯೂ ನಾಟಕಕಾರನೂ ಆಗಿದ್ದ ಟೆರೆನ್ಸ್ ಮ್ಯಾಕ್‌ಸ್ವೀನಿ 1920ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ 74 ದಿನಗಳ ನಿರಶನದ ಬಳಿಕ ಪ್ರಾಣಬಿಟ್ಟನು. 1929ರಲ್ಲಿ ಲಾಹೋರಿನಲ್ಲಿ ಹಾಗೆಯೇ ಅಸುನೀಗಿದ ಜತೀಂದ್ರನಾಥ ದಾಸರನ್ನು ನೆನೆಯುವವರು ಅವನನ್ನೂ ನೆನೆಯುವುದುಂಟು.

ಆದರೆ ಐರಿಷ್ ಭಾಷೆಯೊಡನೆ ನಿರಶನದ ಸಂಬಂಧವು ಅತ್ಯಂತ ನಿಕಟವಾದುದು ಉತ್ತರ ಐರ್ಲೆಂಡಿನ ಲಾಂಗ್ ಕೆಶ್ ಸೆರೆಮನೆಯಲ್ಲಿ. ರಾಜಕೀಯ ಬಂದಿಗಳೆಂಬ ಮನ್ನಣೆಯನ್ನು ಕೇಳಿ, ಕೈದಿಯ ಉಡುಪನ್ನು ಧರಿಸಲೊಪ್ಪದೆ, ಕಂಬಳಿಯನ್ನಷ್ಟೇ ಹೊದ್ದು ವರ್ಷಗಟ್ಟಲೆ ಕಳೆದ ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸುತ್ತಿದ್ದ ಸಶಸ್ತ್ರ ಬಣಗಳ ಆ ಯುವಕರಿಗೆ ಪಠ್ಯಪುಸ್ತಕಗಳಿರಲಿಲ್ಲ. ಭಾಷೆ ಬಲ್ಲವನೊಬ್ಬನು ತನ್ನ ಕೋಣೆಯ ಬಾಗಿಲ ಸಂದಿನಿಂದ ಪಾಠವನ್ನು ಕೂಗಿ ಹೇಳುವನು, ಉಳಿದವರು ಕೇಳಿಸಿದ ಶಬ್ದವನ್ನು ಗೋಡೆಯ ಮೇಲೆ ಗೀರಿಕೊಂಡು ಕಲಿಯುವರು. ಹೀಗೆ ಕಲಿತು ಕಲಿಸಿದವರಲ್ಲಿ ಬಾಬಿ ಸ್ಯಾಂಡ್ಸ್ ಒಬ್ಬನು. 1981ರ ಮಾರ್ಚ್ 1ರಂದು ಅನ್ನವನ್ನು ತೊರೆದ ಆತನು ಮೊದಲ 17 ದಿನಗಳ ದಿನಚರಿಯನ್ನು ಗುಟ್ಟಾಗಿ ಬರೆದಿಟ್ಟನು. ಅದರ ಕಡೆಯ ದಿನದ ಬರೆಹ ಐರಿಷ್ ಭಾಷೆಯಲ್ಲಿದೆ. ಉಪವಾಸದ ನಡುವೆಯೇ ಬ್ರಿಟಿಷ್ ಸಂಸತ್ತಿಗೆ ಚುನಾಯಿತನಾದರೂ ಸರ್ಕಾರವು ಮಣಿಯಲಿಲ್ಲ. ಮೇ 5ರಂದು, 66ನೆಯ ದಿನ, 27ರ ಹರೆಯದಲ್ಲಿ ಆತನು ತೀರಿಕೊಂಡನು. ಅವನ ಹಿಂದೆ ಒಂಬತ್ತು ಮಂದಿ.

ಸ್ಯಾಂಡ್ಸನ ಸಾವಿನ ಹಿಂದಿನ ದಿನವನ್ನು ಶೀರ್ಷಿಕೆಯಲ್ಲಿಯೇ ಹೊತ್ತ ಐರಿಷ್ ಕವಿತೆಯೊಂದನ್ನು ಬರೆದವನು ಮೈಕೆಲ್ ಡೇವಿಟ್. ಮ್ಯಾಕ್‌ಸ್ವೀನಿಯ ಕಾರ್ಕ್ ನಗರದಲ್ಲಿಯೇ 1950ರಲ್ಲಿ ಹುಟ್ಟಿ, ‘ಇಂಟಿ’ ಎಂಬ ಪತ್ರಿಕೆಯ ಮೂಲಕ ಐರಿಷ್ ಕಾವ್ಯಕ್ಕೆ ನಗರದ ಆಡುಮಾತನ್ನು ತಂದವನೀತ. ಹುತಾತ್ಮಸ್ತುತಿಯನ್ನು ರಚಿಸುವುದು ಅಂದು ಸುಲಭವಿತ್ತು, ಖಂಡನೆಯೂ ಸುಲಭವಿತ್ತು. ಡೇವಿಟ್ ಎರಡನ್ನೂ ಬಿಟ್ಟು, ಅಸಹಾಯಕರಾಗಿ ಕಾಯುತ್ತಿರುವ ಜನರ ನಡುವೆ ತನ್ನನ್ನೂ ನಿಲ್ಲಿಸಿಕೊಳ್ಳುವನು, ಇದು ತ್ಯಾಗವೋ ಆತ್ಮಹತ್ಯೆಯೋ ಎಂಬ ಕಠೋರ ಸಂಶಯವನ್ನೂ ಮರೆಮಾಚನು. ಪ್ರಾಚೀನ ಶಾಸ್ತ್ರವು ಮನೆಯೊಳಗೆ ಉಣ್ಣುವ ಕುಲೀನನೊಬ್ಬನನ್ನೇ ಹೊಣೆಗಾರನನ್ನಾಗಿ ಮಾಡಿದ್ದಿತು. ಈ ಕವಿತೆಯನ್ನೋದಿದವನು ಬೀದಿಯಲ್ಲಿ ನಿಂತು ನೋಡುವವರನ್ನೂ ಆ ಹೊಣೆಯಿಂದ ಹೊರತುಪಡಿಸಲಾರ. ನಿರಶನವನ್ನು ಕುರಿತ ಕಾವ್ಯದಲ್ಲಿ ಇಷ್ಟು ಪ್ರಾಮಾಣಿಕವಾದ ಕವಿತೆ ವಿರಳವೆಂದೇ ನನ್ನ ಅಭಿಪ್ರಾಯ.